ವಾರಗಿತ್ತಿಯ ನೆಟ್ಟನೆಯ ಕೊಯ್ತ

ನನ್ನ ವಾರಗಿತ್ತಿಯನ್ನು ಪ್ರಯೋಗಾಲಯಕ್ಕೆ ಸೇರಿಸಿದವಳು ನಾನೇ. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ ಅನ್ನಿ. ಮನೆಯಲ್ಲಿ ಅತ್ತೆ ಅವಳನ್ನು ಹೊಗಳುವುದು ಸಾಲದೆ ಇಲ್ಲಿ ಪ್ರೊಫೆಸರೂ ಶುರುಹಚ್ಚಿಕೊಂಡರು.

ನಮ್ಮದು ಇಲಿಯ ನರಗಳ ಕೆಲಸ. ನರದ ಒಂದೊಂದು ಎಳೆಯೊಳಗೂ ಪ್ರೋಟೀನಿನ ಸಣ್ಣ ನೂಲುಗಳಿರುತ್ತವೆ. ಎಳೆಯನ್ನು ಸುತ್ತಿಕೊಂಡ ಹೊದಿಕೆಯಿಂದ ಸೂಚನೆ ಬಂದರೆ ಆ ನೂಲುಗಳು ಪಕ್ಕಕ್ಕೆ ಕೈಚಾಚಿ ಒಂದನ್ನೊಂದು ದೂರ ತಳ್ಳುತ್ತವೆ, ಎಳೆ ದಪ್ಪವಾಗುತ್ತದೆ. ಆ ಪ್ರೋಟೀನು ಇಲ್ಲದ ಇಲಿಗಳಲ್ಲಿ ಎಳೆ ಎಷ್ಟು ಸಣಕಲು ಎಂದು ನಾವು ಅಳೆಯಬೇಕು. ಮೊದಲು ಎಲ್ಲವನ್ನೂ ನಾನೇ ಮಾಡುತ್ತಿದ್ದೆ. ಅವಳು ಬಂದ ಮೇಲೆ ತೆಳ್ಳಗೆ ಕೊಯ್ಯುವ ನಾಜೂಕಿನ ಕೆಲಸ ಅವಳಿಗೆ ಹೋಯಿತು. ನರದ ತುಂಡನ್ನು ಪಾರದರ್ಶಕ ಅಂಟಿನ ಅಚ್ಚಿನಲ್ಲಿ ನೆಟ್ಟಗೆ ನಿಲ್ಲಿಸಿ ಗಟ್ಟಿಮಾಡುವುದು, ಕೊನೆಗೆ ಅಳೆಯುವುದು ನನ್ನ ಪಾಲಿಗೆ ಉಳಿಯಿತು.

"ಅವಳ ಕೈಯಲ್ಲಿ ಏನೋ ಇದೆ" ಎಂದು ಪ್ರೊಫೆಸರ್ ಅಂದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಹಿರಿಯ ಸಹಾಯಕಿಯ ಹುದ್ದೆ ಖಾಲಿಯಾದ ಮೇಲಂತೂ ಊಟವೇ ಸೇರಲಿಲ್ಲ. ಹನ್ನೊಂದು ವರ್ಷ ನಾನು ಕಾದದ್ದು ಆ ಹುದ್ದೆಗೇ.

ಒಂದು ದಿನ ಅವಳ ಸ್ಲೈಡಿನಲ್ಲಿ ಎಳೆಗಳು ದುಂಡಗಿರದೆ ಮೊಟ್ಟೆಯಾಕಾರವಾಗಿದ್ದವು. ಕೊಯ್ತ ಓರೆಯಾದರೆ ಹಾಗೆಯೇ, ಸಣಕಲು ಎಳೆಯೂ ದಪ್ಪ ಕಾಣುತ್ತದೆ. ನನಗೆ ಹಾಲು ಕುಡಿದಷ್ಟು ಸಂತೋಷ. ಸ್ಲೈಡು ಹಿಡಿದು ಸೀದಾ ಪ್ರೊಫೆಸರ್ ಹತ್ತಿರ ಹೋದೆ.

"ಓರೆ ಕೊಯ್ದಿದ್ದಾಳೆ ಸರ್. ಇದನ್ನ ಅಳೆದ್ರೆ ಎಲ್ಲಾ ಕೆಡುತ್ತೆ."

ಅವರು ಅವಳನ್ನು ಕರೆಸಿದರು.

"ಕೊಯ್ಯೋ ಯಂತ್ರದಲ್ಲಿ ಅಚ್ಚನ್ನ ವಾಲಿಸೋ ತಿರುಪು ನಿನ್ನೆಯಿಂದ ಕಚ್ಕೊಂಡಿದೆ ಸರ್" ಅಂದಳು.

"ವಾಲಿಸೋದು ಯಾಕೆ? ನೆಟ್ಟಗೇ ಇರುತ್ತಲ್ಲ?"

ಅವಳು ನನ್ನ ಮುಖ ನೋಡಿದಳು. ಪ್ರೊಫೆಸರ್ ಡಬ್ಬಿ ತೆರೆದು ನನ್ನ ಅಚ್ಚುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದರು. ಎಲ್ಲದರಲ್ಲೂ ನರ ಎಡಕ್ಕೆ ವಾಲಿತ್ತು.

"ಎಷ್ಟು ದಿನದಿಂದ ಹೀಗೆ?"

"ನಾನು ಬಂದಾಗಿನಿಂದ, ನಾಲ್ಕು ವರ್ಷ ಆಯ್ತು ಸರ್. ಅಕ್ಕನ ಕೈ ಸ್ವಲ್ಪ ಎಡಕ್ಕೆ ಎಳೆಯುತ್ತೆ. ನಾನು ಸರಿಮಾಡ್ಕೊಂಡು ಕೊಯ್ತೀನಿ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಅಕ್ಕಂಗೆ ಬೇಜಾರಾಗುತ್ತೆ ಅಂತ."

ನೆಲ ಬಾಯಿಬಿಡಬಾರದೇ ಅನ್ನಿಸಿತು. ಹುದ್ದೆ ಅವಳಿಗೇ ಹೋಯಿತು. ಅದನ್ನಾದರೂ ನುಂಗಿಕೊಂಡೇನು. ನಾಲ್ಕು ವರ್ಷ ನನ್ನ ತಪ್ಪನ್ನು ಮುಚ್ಚಿಟ್ಟು, ಮನೆಯಲ್ಲೂ ಚಕಾರವೆತ್ತದೆ, ನನ್ನ ಪಕ್ಕದಲ್ಲೇ ಕೂತು ಉಂಡಳಲ್ಲ, ಆ ಒಳ್ಳೆಯತನವನ್ನು ಮಾತ್ರ ಇಂದಿಗೂ ಸಹಿಸಲಾರೆ.

ಈಗ ತುಂಡು ನಿಲ್ಲಿಸುವಾಗ ನೆಟ್ಟಗಿದೆಯೇ ಎಂದು ನೋಡಲು ಪಕ್ಕದಲ್ಲಿ ಒಂದು ಸಣ್ಣ ಮೂಲೆಮಟ್ಟ ಇಟ್ಟುಕೊಳ್ಳುತ್ತೇನೆ. ತಂದುಕೊಟ್ಟವಳು ಅವಳೇ.