ಪಂಚಾಂಗದಲ್ಲಿಲ್ಲದ ಗ್ರಹಣ

ಅವತ್ತು ನಲ್ಲಿಯಲ್ಲಿ ನೀರು ಬೆಳಗಾಗುವ ಮೊದಲೇ ಬಂದಿತ್ತು. ಹಂಡೆ, ಕೊಡ, ಕುಡಿಯುವ ನೀರಿನ ಸ್ಟೀಲ್ ಡ್ರಮ್ಮು ತುಂಬಿಸಿ, ಅಂಗಳಕ್ಕೆ ನೀರು ಹೊಡೆದು, ಒಲೆಯ ಮೇಲೆ ಹಂಚಿಟ್ಟು ರೊಟ್ಟಿ ಬಡಿಯಲು ಕೂತೆ. ನಮ್ಮ ಮನೆಯವರೂ ಮೈದುನನೂ ಅಂಗಡಿಯ ಸಾಮಾನು ತರಲು ಕೊಟ್ಟೂರಿನಿಂದ ದಾವಣಗೆರೆಗೆ ಹೊರಟಿದ್ದರು. ಬುತ್ತಿ ಕಟ್ಟಿ ಕೊಟ್ಟು ಅವರನ್ನು ಕಳಿಸಿ ಒಳಗೆ ಬಂದರೆ, ಡ್ರಮ್ಮಿನ ಮುಚ್ಚಳದ ಮೇಲೆ ಗರಿಕೆಯ ಎಳೆ. ಮೊಸರಿನ ಗಡಿಗೆಯ ಮೇಲೂ ಗರಿಕೆ. ನಮ್ಮ ಮನೆಯಲ್ಲಿ ಹೀಗೆ ಗರಿಕೆ ಇಡುವುದು ಗ್ರಹಣ ಹಿಡಿದಾಗ ಮಾತ್ರ. ಗೋಡೆಯ ಕ್ಯಾಲೆಂಡರ್ ನೋಡಿದೆ. ಅಂದು ಅಮಾವಾಸ್ಯೆಯಲ್ಲ, ಹುಣ್ಣಿಮೆಯೂ ಅಲ್ಲ.

"ತಂಗಿ ಎಲ್ಲದಾಳ್ರೀ ಅತ್ತಿ?" ಎಂದೆ.

"ಕಾಳಿನ ಕೋಣ್ಯಾಗ ಅದಾಳ. ನೀ ಬಾಗಲಾ ತೆಗಿಬ್ಯಾಡ."

ತಂಗಿ ಎಂದರೆ ಮೈದುನನ ಹೆಂಡತಿ. ಅವಳಿಗೆ ಆಗ ಎಂಟು ತಿಂಗಳು. ಹಿಂದಿನ ವಾರವಷ್ಟೇ ತಲೆ ತಿರುಗಿ ಬಚ್ಚಲ ಬಾಗಿಲಲ್ಲಿ ಕುಸಿದಿದ್ದಳು. ಹೊತ್ತು ಹೊತ್ತಿಗೆ ಊಟ, ನೀರು ಕೊಡಿ, ಹಸಿದಿರಲು ಬಿಡಬೇಡಿ ಎಂದು ಡಾಕ್ಟರಮ್ಮ ಅತ್ತೆಯ ಎದುರಿಗೇ ಹೇಳಿದ್ದರು. ಅತ್ತೆ ಅದನ್ನು ಮರೆತಿರಲಿಲ್ಲ. ಆದರೆ ಹಿಂದಿನ ಸಂಜೆ ಟೀವಿಯಲ್ಲಿ ನೋಡಿದ್ದು ಅವರಿಗೆ ಅದಕ್ಕಿಂತ ದೊಡ್ಡದಾಗಿ ಕಂಡಿತ್ತು.

ರಾಕೆಟ್ ಹಾರಿಸಿದ್ದನ್ನು ವಾರ್ತೆಯಲ್ಲಿ ತೋರಿಸಿದ್ದರು. ಮೇಲೆ ಹೋದ ಮೇಲೆ ಕಪ್ಪು ಆಕಾಶದಲ್ಲಿ ಅದರ ಸುತ್ತ ಬಿಳಿ ಬೆಳಕಿನ ಚುಕ್ಕಿಗಳು ತೇಲಾಡಿದವು. ಒಂದು ಚುಕ್ಕಿ ನೆಟ್ಟಗೆ ಹೋಗುತ್ತಿದ್ದದ್ದು ಯಾರೋ ಕರೆದಂತೆ ಫಕ್ಕನೆ ಹೊರಳಿ ಬೇರೆ ಕಡೆ ಹೋಯಿತು. ನಿಗೂಢ ಬೆಳಕು ಎಂದರು ವಾರ್ತೆ ಓದುವವರು. ಪಕ್ಕದ ಮನೆಯ ಅಕ್ಕ ನಮ್ಮಲ್ಲಿಯೇ ಕೂತಿದ್ದರು. "ರಾಕೆಟ್ ಮುಗಿಲಿಗೆ ತೂತು ಹೊಡದೈತಿ ನೋಡ್ರಿ, ಚುಕ್ಕಿ ಉದರಾಕ ಹತ್ಯಾವ," ಎಂದು ನಕ್ಕರು. ತಂಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅತ್ತೆ ಎದ್ದು ಹೋಗಿ ಟೀವಿ ಆರಿಸಿದರು.

ಅತ್ತೆಯ ಅಕ್ಕನ ಮಗನಿಗೆ ಹುಟ್ಟಿನಿಂದ ಸೀಳುದುಟಿ. ಆ ಅಕ್ಕ ಬಸುರಿಯಾಗಿದ್ದಾಗ ಗ್ರಹಣದಲ್ಲಿ ಹಿತ್ತಲಿಗೆ ಹೋಗಿದ್ದಳು, ಅದಕ್ಕೇ ಹಾಗಾಯಿತು ಎಂದು ಅತ್ತೆಯ ನಂಬಿಕೆ. ಆ ಮಗು ಹಾಲು ಕುಡಿಯಲಾರದೆ ಅತ್ತದ್ದನ್ನು ಹೇಳುವಾಗಲೆಲ್ಲ ಅವರ ದನಿ ಸಣ್ಣಗಾಗುತ್ತಿತ್ತು.

"ಅವು ಚುಕ್ಕಿ ಅಲ್ರೀ ಅತ್ತಿ," ಎಂದೆ ಈಗ, ಕಾಳಿನ ಕೋಣೆಯ ಚಿಲಕ ನೋಡುತ್ತ. ಹಿಂದಿನ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯವರು ಇಂಗ್ಲಿಷ್ ವಾರ್ತೆ ಹಚ್ಚಿದಾಗ ಒಬ್ಬರು ಬಿಡಿಸಿ ಹೇಳಿದ್ದನ್ನು ನಾನು ಕೇಳಿದ್ದೆ. "ರಾಕೆಟ್ ಮೈಗೆ ಹತ್ತಿದ ಐಸಿನ ಚೂರು. ಉದುರಿದ್ವು, ಅವಕ್ಕ ಬಿಸಲು ಬಿತ್ತು, ಹೊಳದ್ವು. ಕ್ಯಾಮರಾದ ಮುಂದ ಇದ್ದದ್ದಕ್ಕ ದೊಡ್ಡವು ಕಂಡ್ವು, ಅಷ್ಟ."

"ಅಷ್ಟು ಬೆಂಕಿ ಕಾರೋದಕ್ಕ ಐಸ್ ಹತ್ತಿರತೈತೇನು? ಯಾರ ಮುಂದ ಹೇಳ್ತಿ?"

"ಒಳಗ ತುಂಬೋ ಎಣ್ಣಿ ಭಾಳ ತಣ್ಣಗಿರತೈತಂತ್ರೀ. ಫ್ರಿಜ್ಜಿನ ಬಾಟ್ಲಿ ಹೊರಗ ಬೆವರತೈತಲ್ಲ, ಹಂಗ ಹೊರಗ ಹೆಪ್ಪುಗಟ್ಟತೈತಿ."

"ಕಾನ್ವೆಂಟ್‌ದಾಕಿ ನೀನು. ನಿಂಗ ಎಲ್ಲಾ ಗೊತ್ತೈತಿ. ನಂಗ ಗೊತ್ತಿರೋದು ಒಂದ: ಮ್ಯಾಲೆ ಏರುಪೇರಾದ್ರ ಕೆಳಗ ಬಸುರಿ ಒಳಗಿರಬೇಕು."

ಬಳ್ಳಾರಿಯ ಕಾನ್ವೆಂಟಿನಲ್ಲಿ ದನಿ ಏರಿಸದಿರುವುದನ್ನೇ ಮೊದಲು ಕಲಿಸಿದ್ದರು. ಆದರೆ ಒಂದು ಮಾತು ಕೇಳಲೇಬೇಕಿತ್ತು.

"ಯಾವಾಗ ಬಿಡತೈತ್ರೀ ಇದು?"

ಗ್ರಹಣಕ್ಕಾದರೆ ಹಿಡಿಯುವ ಹೊತ್ತು, ಬಿಡುವ ಹೊತ್ತು ಪಂಚಾಂಗದಲ್ಲಿ ಇರುತ್ತದೆ. ಇದಕ್ಕೆ ಎಲ್ಲಿ ನೋಡುವುದು? ಕೊನೆಗೆ ಅತ್ತೆಯೇ, "ಟೀವ್ಯಾಗ ಮತ್ತ ತೋರಸ್ತಾರ. ಚುಕ್ಕಿ ಕಾಣ್ಲಿಲ್ಲ ಅಂದ್ರ ಬಿಡ್ತು ಅಂತ," ಎಂದರು. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆ ಆಗ ಬೆಳಿಗ್ಗೆ ಹೋದ ಕರೆಂಟು ಸಂಜೆ ಬಂದರೆ ಪುಣ್ಯ.

ಬಿಸಿಲು ಏರಿತು. ಕೋಣೆಯೊಳಗಿಂದ ಮೊದಮೊದಲು ಬಳೆಯ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ಅತ್ತೆ ನಡುಮನೆಯಲ್ಲಿ ಜಪಕ್ಕೆ ಕೂತಾಗ ಬಾಗಿಲ ಸಂದಿಗೆ ಕಿವಿಯಿಟ್ಟೆ.

"ಅಕ್ಕಾ, ಬಾಯಿ ಒಣಗೇತಿ."

"ಇನ್ನೊಂಚೂರು ತಡಿಯವ್ವಾ."

"ಅದಲ್ಲಕ್ಕಾ... ಹೊಟ್ಟ್ಯಾಗ ಕೂಸು ಮುಂಜಾನಿಂದ ಹೊಳ್ಳಿಲ್ಲ."

ಆಮೇಲೆ ನಾನು ಯೋಚಿಸಿದ ನೆನಪಿಲ್ಲ. ಡ್ರಮ್ಮಿನ ಮೇಲಿನ ಗರಿಕೆ ತೆಗೆದು, ತಂಬಿಗೆಯಲ್ಲಿ ನೀರು ಮೊಗೆದುಕೊಂಡು ಚಿಲಕ ತೆಗೆದೆ. ಒಳಗೆ ಜೋಳದ ಧೂಳಿನ ವಾಸನೆ, ಕತ್ತಲೆ. ಮಾಳಿಗೆಯ ಬೆಳಕಿಂಡಿಗೂ ಅತ್ತೆ ಗೋಣಿಚೀಲ ತುರುಕಿದ್ದರು. ಅವಳ ಮುಖ ಹೇಗಿದೆ ಎಂದು ಕೂಡ ಕಾಣಲಿಲ್ಲ. ತಂಬಿಗೆಯನ್ನು ಅವಳ ಕೈಗಿತ್ತು, ಜೋಳದ ಚೀಲಗಳ ಮೇಲೆ ಹತ್ತಿ ಆ ಗೋಣಿಯನ್ನು ಜಗ್ಗಿದೆ.

ಬಿಸಿಲು ಕೋಲಿನಂತೆ ನೆಟ್ಟಗೆ ಇಳಿಯಿತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ತೆಗದ್ಯಾ? ತೆಗದ ಬಿಟ್ಯಾ?"

ನಾನು ಜಗ್ಗಿದ ರಭಸಕ್ಕೆ ಎದ್ದ ಧೂಳು ಆ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಸುತ್ತಲೂ ಕತ್ತಲೆ, ನಡುವೆ ತೇಲುವ ಚುಕ್ಕಿಗಳು. ಹಿಂದಿನ ಸಂಜೆ ಟೀವಿಯಲ್ಲಿ ಕಂಡದ್ದೂ ಹೀಗೆಯೇ ಇತ್ತು.

"ನೋಡ್ರೀ ಅತ್ತಿ, ಇವೂ ಚುಕ್ಕೀನ?" ಎಂದೆ.

"ಧೂಳದು."

"ಬಿಸಲು ಬಿದ್ದದ್ದಕ್ಕ ಹೊಳದೈತಿ. ಬಿಸಲಿನಿಂದ ಹೊರಗ ಹೋದ್ರ ಕಾಣಂಗಿಲ್ಲ. ಅಲ್ಲೂ ಹಿಂಗ."

"ಅದು ಹೊಳ್ಳಿ ಹೋತಲ್ಲ? ಧೂಳು ಹಂಗ ಹೊಳ್ಳತೈತೇನು?"

ನಾನು ಉಫ್ ಎಂದು ಊದಿದೆ. ತೇಲುತ್ತಿದ್ದ ಕಣಗಳೆಲ್ಲ ಒಮ್ಮೆಲೇ ತಿರುಗಿ ಓಡಿದವು. "ರಾಕೆಟ್ ಬುಡದಾಗಿಂದ ಹೊಗಿ ಹೊಡದ್ರ ಐಸಿನ ಚೂರೂ ಹಿಂಗ ಓಡ್ತಾವ್ರೀ."

ಅತ್ತೆ ಒಂದು ಸಲ ತಾವೂ ಊದಿದರು. ನೋಡಿದರು. ಒಪ್ಪಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಬಿಸಿಲು ತಂಗಿಯ ಹೊಟ್ಟೆಯ ಮೇಲೆಯೇ ಬಿದ್ದಿತ್ತು. ಅವಳ ತುಟಿ ಬೆಳ್ಳಗೆ ಬಿರಿದಿದ್ದು ಅವರಿಗೆ ಕಂಡದ್ದು ಆಗಲೇ.

"ಹಾಳಾಗ್ಲಿ. ಬಿಸಲಂತೂ ಬಿದ್ದ ಬಿಡ್ತು. ಗ್ರಹಣ ಬಿಡ್ತು ಅಂತ ತಿಳಕೊಳ್ಳೋಣ. ನಾ ನೀರು ಕಾಸ್ತೀನಿ, ತಲಿಗೆ ಎರದು ಆಮ್ಯಾಲೆ ಉಣಸು."

"ಮೊದ್ಲು ಉಣ್ಲಿ ಅತ್ತಿ, ಆಮ್ಯಾಲೆ ಎರೀತೀನಿ."

ಅತ್ತೆ ಹೇಳಿದ ಕೆಲಸಕ್ಕೆ ನಾನು ಮುಖಕ್ಕೇ ಇಲ್ಲವೆಂದದ್ದು ಅದೇ ಮೊದಲು. ಅವರು ನನ್ನನ್ನು ನೋಡಿದರು. ಅಡುಗೆಮನೆಗೆ ಹೋಗಿ ಅನ್ನಕ್ಕೆ ಮೊಸರು ಕಲಸಿ ತಂದು, ತಾವೇ ತುತ್ತು ಮಾಡಿ ಬಾಯಿಗಿಟ್ಟರು. ತಂಗಿ ಎಡಮಗ್ಗುಲಾಗಿ ಮಲಗಿದಳು. ನಾವಿಬ್ಬರೂ ಅವಳ ಹೊಟ್ಟೆಯನ್ನೇ ನೋಡುತ್ತ ಕೂತೆವು. ಹೊರಗೆ ಯಾರದೋ ಗಾಡಿ ಹೋಯಿತು, ಬೆಕ್ಕು ಬಂತು, ಅತ್ತೆ ಅದನ್ನು ಅಟ್ಟಿದರು. ಎಷ್ಟೋ ಹೊತ್ತಿನ ಮೇಲೆ ಸೀರೆಯ ನೆರಿಗೆ ಒಂದು ಕಡೆ ಸಣ್ಣಗೆ ಎದ್ದು ಇಳಿಯಿತು.

"ಒದೀತು," ಎಂದಳು ತಂಗಿ. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಸಂಜೆ ತಂಗಿ ತಲೆಸ್ನಾನ ಮಾಡಿ ಪಡಸಾಲೆಯಲ್ಲಿ ಕೂದಲು ಹರವಿಕೊಂಡು ಕೂತಿದ್ದಳು. ಕರೆಂಟು ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯ ಅಕ್ಕ ಕರಿಬೇವಿಗೆಂದು ಬಂದವರು ಹಿತ್ತಲಿನ ಗಿಡದಿಂದ ಎರಡು ಕಡ್ಡಿ ಮುರಿದುಕೊಂಡು ಹೊರಟರು. ಹೊಸಲು ದಾಟುವಾಗ ತಂಗಿಯನ್ನು ನೋಡಿ, ಅತ್ತೆಯ ಕಡೆ ತಿರುಗಿ ಹೇಳಿದರು:

"ಬರೋ ತಿಂಗಳ ಇನ್ನೊಂದು ಬಿಡ್ತಾರಂತಲ್ರೀ ರಾಕೆಟ್. ಆವಾಗ ಈಕಿಗೆ ದಿನಾ ತುಂಬಿರತಾವ, ಅಲ್ಲ?"