ನಕ್ಷತ್ರಕ್ಕೆ ಹಂಚಿದ ಪೇಢೆ

ತೊಂಬತ್ತರ ದಶಕದ ಆರಂಭದಲ್ಲಿ ನನಗೆ ಬೇಕಿದ್ದುದು ಎರಡೇ: ಘಾಟ್ಕೋಪರಿನಲ್ಲಿ ಹತ್ತಿದರೆ ಲೋಕಲ್ ರೈಲಿನಲ್ಲಿ ಕೂರಲು ಜಾಗ, ಮತ್ತು ಪಿಎಚ್‌.ಡಿ. ಮುಗಿಯುವುದು. ವರ್ಷಗಟ್ಟಲೆ ಎರಡಕ್ಕೂ ನಿಂತೇ ಇದ್ದೆ. ವಿ.ಟಿ. ನಿಲ್ದಾಣದಲ್ಲಿ ಇಳಿದು, ಬಸ್ಸಿನಲ್ಲಿ ಜೋತಾಡಿ ಸಂಶೋಧನಾ ಸಂಸ್ಥೆ ಸೇರುವಷ್ಟರಲ್ಲಿ ಮೈ ಹಣ್ಣಾಗಿರುತ್ತಿತ್ತು. ಆಮೇಲೆ ಕೂತು ನಿನ್ನೆಯ ಚುಕ್ಕೆಗಳನ್ನೇ ಮತ್ತೆ ನೋಡಬೇಕು.

ಕೆಲಸ ಹೇಳಿಕೊಳ್ಳಲು ಮಾತ್ರ ಚೆನ್ನಾಗಿತ್ತು. ವಿದೇಶದ ಉಪಗ್ರಹವೊಂದು ನೆರೆಯ ಆಂಡ್ರೊಮಿಡಾ ಗೆಲಾಕ್ಸಿಯನ್ನು ಕ್ಷ-ಕಿರಣಗಳಲ್ಲಿ ನೋಡಿ ಕಳಿಸಿದ ಚಿತ್ರಗಳು ದೊಡ್ಡ ಟೇಪುಗಳಲ್ಲಿ ನಮಗೆ ಬರುತ್ತಿದ್ದವು. ಬೇರೆ ಬೇರೆ ಸಮಯದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಚುಕ್ಕೆ ಹುಡುಕಬೇಕು. ಥಟ್ಟನೆ ಹೊತ್ತಿಕೊಂಡು, ಕೆಲವು ವಾರ ಉರಿದು, ಆರಿಹೋಗುವ ಮೂಲಗಳವು. ಅಂಥದ್ದೊಂದಾದರೂ ಸಿಗದೆ ನನ್ನ ಪ್ರಬಂಧ ಮುಗಿಯುವಂತಿರಲಿಲ್ಲ. ಫೆಲೋಶಿಪ್ ಮಾತ್ರ ಆ ವರ್ಷಕ್ಕೇ ಮುಗಿಯುತ್ತಿತ್ತು.

ಒಂದು ಸಂಜೆ ಸಿಕ್ಕಿಯೇಬಿಟ್ಟಿತು. ಹಳೆಯ ಚಿತ್ರದಲ್ಲಿ ಖಾಲಿಯಿದ್ದ ಕಡೆ ಹೊಸದರಲ್ಲಿ ಢಾಳಾದ ಚುಕ್ಕೆ. ಬಾಯಿ ಬಿಗಿಹಿಡಿಯಲಾಗದೆ ಮನೆಯಲ್ಲಿ ಹೇಳಿದೆ. ಮೈಸೂರಿನವರಾದ ನಮ್ಮತ್ತೆಗೆ ಈ ಊರಿನಲ್ಲಿ ಹಿಡಿಸಿದ್ದ ಪದ್ಧತಿ ಒಂದೇ, ಶುಭಸುದ್ದಿ ಬಂದರೆ ಬಿಲ್ಡಿಂಗಿಗೆಲ್ಲ ಪೇಢೆ ಹಂಚುವುದು. ಮೊಮ್ಮಗುವಿನ ಪೇಢೆಗೆ ಕಾದೂ ಕಾದೂ ಸೋತಿದ್ದರು, ಪಾಪ. ಮರುದಿನ ನಾನು ಅತ್ತ ಹೋದದ್ದೇ ತಡ, ಸೊಸೆ ನಕ್ಷತ್ರ ಕಂಡುಹಿಡಿದಳೆಂದು ಎಲ್ಲ ಮಹಡಿಗೂ ಹಂಚಿಬಿಟ್ಟರು. ಕೂಸು ಹುಟ್ಟುವ ಮುಂಚೆ ಕುಲಾವಿ.

ಅದೇ ಹೊತ್ತಿಗೆ ಧಾರವಾಡದವರಾದ ನನ್ನ ಗೈಡ್ ಎರಡೂ ಚಿತ್ರ ನೋಡಿ, “ಅಲ್ರೀ, ಹಿಂದ ಇದು ಇರಲಿಲ್ಲೋ, ನಮಗ ಕಾಣಲಿಲ್ಲೋ? ಮದ್ಲ ಅದನ್ನ ನೋಡ್ರಿ” ಎಂದರು.

ನೋಡಿದೆ. ಉಪಗ್ರಹದಲ್ಲಿದ್ದ ಉಪಕರಣದ ತೆಳುವಾದ ಕಿಟಕಿಗೆ ಆಧಾರವಾಗಿ ಲೋಹದ ಪಟ್ಟಿಗಳಿದ್ದವು. ಪಟ್ಟಿಯ ನೆರಳಿಗೆ ಬಿದ್ದದ್ದು ಚಿತ್ರದಲ್ಲಿ ಮೂಡುವುದಿಲ್ಲ, ನಮ್ಮ ಅಡುಗೆಮನೆಯ ಕಿಟಕಿಯ ಸರಳಿಗೆ ಎದುರು ಬಿಲ್ಡಿಂಗಿನ ದೀಪ ಮರೆಯಾಗುವ ಹಾಗೆ. ಹಳೆಯ ಚಿತ್ರದಲ್ಲಿ ನನ್ನ ಚುಕ್ಕೆಯ ಜಾಗ ಸರಿಯಾಗಿ ಅಂಥ ನೆರಳಿನಲ್ಲೇ ಇತ್ತು. ಸಿಟ್ಟಿನಿಂದ ಟೇಪನ್ನು ಎತ್ತಿ ಸಂಸ್ಥೆಯ ಹಿಂದಿನ ಸಮುದ್ರಕ್ಕೆ ಎಸೆಯಬೇಕೆನಿಸಿತು.

“ಮುಂದಿನ ಟೇಪ್ ಬರ್ಲಿ. ಆರಿದ್ರ ನಿಮ್ದು ಖರೆ” ಎಂದರು ಗೈಡ್.

ಅಂದಿನಿಂದ ಆ ಚುಕ್ಕೆ ಸಾಯಲೆಂದು ಕಾಯತೊಡಗಿದೆ. ಮನೆಯಲ್ಲಿ ಅತ್ತೆ, “ನಿನ್ನ ನಕ್ಷತ್ರ ಚೆನ್ನಾಗಿರ್ಲಿ ಅಂತ ದಿನಾ ಒಂದು ದೀಪ ಜಾಸ್ತಿ ಹಚ್ತೀನಿ ಕಣಮ್ಮ” ಎಂದರು. ಅದು ಆರಿದರೇ ನನಗೆ ಒಳ್ಳೆಯದೆಂದು ವಿವರಿಸುವ ತ್ರಾಣ ಇರಲಿಲ್ಲ.

ಟೇಪ್ ಬಂತು. ಚುಕ್ಕೆ ಅಲ್ಲೇ ಇತ್ತು, ಅಷ್ಟೇ ಪ್ರಕಾಶವಾಗಿ. ಎಷ್ಟು ಕಾಲದಿಂದ ಹಾಗೇ ಉರಿಯುತ್ತಿತ್ತೋ! “ಖಾಯಂ ಗಿರಾಕಿ ಅದು, ಬಿಡ್ರಿ” ಎಂದರು ಗೈಡ್. ಫೆಲೋಶಿಪ್ ಮುಂದುವರಿಯುವುದಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಆ ಸಂಜೆಯೂ ಘಾಟ್ಕೋಪರಿನವರೆಗೆ ನಿಂತೇ ಬಂದೆ.

ಬಾಗಿಲು ತೆಗೆದ ಅತ್ತೆ ನನ್ನ ಮುಖ ನೋಡಿ, “ಏನಾಯ್ತೇ? ಆರಿಹೋಯ್ತಾ?” ಎಂದು ಗಾಬರಿಯಾದರು.

“ಇಲ್ಲಮ್ಮ. ಇದೆ.”

“ಸದ್ಯ!” ಎಂದು ಕೈಮುಗಿದರು. ಎದುರು ಮನೆಯ ಗುಜರಾತಿ ಹೆಂಗಸು ತಲೆ ಹೊರಗೆ ಹಾಕಿ, “ಭಾಭಿ, ಆಪ್‌ಕಾ ತಾರಾ ಕೈಸಾ ಹೈ?” ಎಂದು ನನ್ನ ನಕ್ಷತ್ರದ ಕ್ಷೇಮ ವಿಚಾರಿಸಿದರು. ಉತ್ತರ ಅತ್ತೆಯೇ ಕೊಟ್ಟರು: “ಹೈ, ಹೈ. ಕಿಧರ್ ಭೀ ನಹೀ ಗಯಾ.” ಎಲ್ಲಿಗೂ ಹೋಗಿಲ್ಲವಂತೆ.

ಚಪ್ಪಲಿ ಬಿಚ್ಚುತ್ತಿದ್ದವಳು ಅಲ್ಲೇ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡು ಅವರಿಬ್ಬರೂ ನನ್ನ ಬೆನ್ನು ಸವರಿದರು.