ಕೊರಿಯಾದ ಮುದುಕಿಯೂ ನಮ್ಮ ನಡುಗೋಡೆಯೂ

ಕೊರಿಯಾ ದೇಶದ ದೆವ್ವಗಳು ತಲೆ ಬಾಚಿಕೊಳ್ಳುವುದಿಲ್ಲ. ಕೂದಲನ್ನು ಮುಖದ ಮೇಲೆ ಪರದೆಯಂತೆ ಇಳಿಬಿಟ್ಟುಕೊಂಡು, ವೇಳೆಯ ಪರಿವೆಯೇ ಇಲ್ಲದೆ ಬಂದು ನಿಲ್ಲುವ ಅವುಗಳನ್ನು ಕಂಡರೆ ನನಗೆ ಭಯಕ್ಕಿಂತ ಮೊದಲು ಅಸಮಾಧಾನವಾಗುತ್ತದೆ. ನಾನು ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರನಾಗಿ ದುಡಿದು ನಿವೃತ್ತನಾದವನು. ಶಿಗ್ಗಾಂವ, ಸವಣೂರು, ಹಿರೇಕೆರೂರು ಬಸ್ಸುಗಳ ಆಗಮನ ನಿರ್ಗಮನಗಳನ್ನು ಮೈಕಿನಲ್ಲಿ ಸಾರುತ್ತ, ತಡವಾಗಿ ಬಂದ ಡ್ರೈವರನನ್ನು ಕನ್ನಡಕದ ಮೇಲಿನಿಂದ ನೋಡುತ್ತ ಆಯುಷ್ಯ ಸವೆಸಿದವನು. ಬರುವ ಹೊತ್ತನ್ನು ಮೊದಲೇ ತಿಳಿಸದ ಯಾವ ಜೀವಿಯನ್ನೂ, ಅದು ಸತ್ತದ್ದೇ ಆಗಿರಲಿ, ನಾನು ಮನಸಾರೆ ಗೌರವಿಸಲಾರೆ.

ಈ ವಿಷಯದಲ್ಲಿ ನನಗೆ ಪಾಂಡಿತ್ಯ ಒದಗಿಸಿದವಳು ಮೊಮ್ಮಗಳು ಸ್ಫೂರ್ತಿ. ಶಿಗ್ಗಾಂವದ ಕಾಲೇಜಿಗೆ ಹೋಗಿಬರುವ ಈ ಹುಡುಗಿಗೆ ಕೊರಿಯಾ ಎಂದರೆ ಪಕ್ಕದ ತಾಲ್ಲೂಕು. ಭಾನುವಾರ ಊಟವಾದ ಮೇಲೆ ಟೀವಿಗೆ ಮೊಬೈಲು ಜೋಡಿಸಿ ಆ ದೇಶದ ಚಿತ್ರ ಹಾಕುತ್ತಾಳೆ. ಮಾತು ಕೊರಿಯಾದ್ದು, ಕೆಳಗೆ ಅಕ್ಷರ ಇಂಗ್ಲಿಷಿನದು, ನೋಡುವವಳು ನನ್ನ ಹೆಂಡತಿ ಶಾಂತವ್ವ. ಸಾಲು ಸಾಲಿಗೂ ಅರ್ಥ ಹೇಳಿ ಬೇಸತ್ತ ಸ್ಫೂರ್ತಿ ಒಂದು ದಿನ, “ಅಜ್ಜಾ, ನೀವ ಓದಿ ಹೇಳ್ರಿ, ನಿಮ್ಮ ದನಿ ಹೆಂಗೂ ಖಾಲಿ ಕುಂತೈತಿ,” ಎಂದಳು. ಮೈಕು ಬಿಟ್ಟು ಬಾಯಿ ತುಕ್ಕು ಹಿಡಿದಿದ್ದ ನಾನು ಆ ಹುದ್ದೆಯನ್ನು ಸಂಬಳವಿಲ್ಲದೆ ಒಪ್ಪಿಕೊಂಡೆ. ಕೊರಿಯಾದವರ ಹೆಸರುಗಳು ನನ್ನ ನಾಲಿಗೆಗೆ ಒಗ್ಗದ ಕಾರಣ ‘ದೊಡ್ಡ ಮಗ’, ‘ಸೊಸಿ’, ‘ಸತ್ತ ಮುದುಕಿ’ ಎಂದು ನಾಮಕರಣ ಮಾಡಿ, ಪ್ರತಿ ಸಂಭಾಷಣೆಯನ್ನೂ ಕನ್ನಡ ಮಾಡಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತವನಿಗೂ ಕೇಳುವಂತೆ ಸಾರುತ್ತಿದ್ದೆ. ಈ ದನಿಯ ಪರಿಣಾಮ ಹೇಳುವ ಮೊದಲು ನಮ್ಮ ಮನೆಯ ರಚನೆಯನ್ನು ಓದುಗರಿಗೆ ವಿವರಿಸಬೇಕು.

ಅಕ್ಕಿಆಲೂರಿನ ನಮ್ಮ ಮನೆಯನ್ನು ನನಗೂ ನನ್ನ ತಮ್ಮನಿಗೂ ಪಾಲು ಮಾಡಿದಾಗ ನಡುವೆ ಒಂದು ಗೋಡೆ ಎದ್ದಿತು. ಆದರೆ ಮೇಲಿನ ತೊಲೆಯನ್ನು ಮುಟ್ಟಕೂಡದು, ತೊಲೆ ಕಡಿದರೆ ಮನೆತನ ಕಡಿದಂತೆ ಎಂದು ಅವ್ವ ಪಟ್ಟು ಹಿಡಿದಳು. ಹೀಗಾಗಿ ಗೋಡೆ ಒಂದಾಳೆತ್ತರಕ್ಕಿಂತ ತುಸು ಮೇಲೇರಿ ನಿಂತುಬಿಟ್ಟಿತು. ಅದರ ಮೇಲಿನ ಖಾಲಿ ಜಾಗದಲ್ಲಿ ಒಗ್ಗರಣೆಯ ಘಾಟು, ಕೆಮ್ಮು, ಮಿಕ್ಸರಿನ ಸದ್ದು, ಗಂಡ ಹೆಂಡಿರ ಪಿಸುಮಾತು ಎಲ್ಲವೂ ಟಿಕೇಟಿಲ್ಲದೆ ಓಡಾಡುತ್ತವೆ. ಓಡಾಡದೆ ನಿಂತದ್ದು ಮಾತು ಮಾತ್ರ. ಅದೂ ನನ್ನ ಮತ್ತು ತಮ್ಮನ ನಡುವೆ ಅಲ್ಲ. ಶಾಂತವ್ವ ಮತ್ತು ಅವಳ ನೆಗೆಣ್ಣಿ, ಅಂದರೆ ನನ್ನ ತಮ್ಮನ ಹೆಂಡತಿ, ನೀಲವ್ವನ ನಡುವೆ.

ಕಾರಣ ಕೇಳಿದರೆ ನೀವು ನಗುತ್ತೀರಿ. ನಾನೂ ನಕ್ಕು, ಅದರ ಫಲವಾಗಿ ಒಂದು ದಿನ ಚಹಾ ಇಲ್ಲದೆ ಉಳಿದಿದ್ದೇನೆ. ಅವ್ವ ತೀರಿಕೊಂಡ ಮೇಲಿನ ಮೊದಲ ಹಿರಿಯರ ಅಮಾವಾಸ್ಯೆಗೆ ಎಡೆ ಹಿಡಿಯುವಾಗ, ಅತ್ತೆಗೆ ಪ್ರಾಣವಾಗಿದ್ದದ್ದು ಶೇಂಗಾ ಹೋಳಿಗೆ ಎಂದಳು ಶಾಂತವ್ವ. ಅಲ್ಲ, ಕಡಬು ಎಂದಳು ನೀಲವ್ವ. ಅತ್ತೆಯ ಮನಸ್ಸು ಯಾರಿಗೆ ಹೆಚ್ಚು ಗೊತ್ತು ಎಂಬಲ್ಲಿಂದ, ಅತ್ತೆಗೆ ಯಾರ ಮೇಲೆ ಹೆಚ್ಚು ಪ್ರೀತಿ ಎಂಬಲ್ಲಿಗೆ ವಾದ ಬೆಳೆದು, ಆ ವರ್ಷವೇ ಎಡೆ ಎರಡಾಯಿತು, ಮಾತು ನಿಂತಿತು. ಅಂದಿನಿಂದ ಶಾಂತವ್ವನಿಗೆ ಅಡುಗೆಯಲ್ಲಿ ರುಚಿ ಉಳಿದಿರಲಿಲ್ಲ. ಸಂತೆಯಿಂದ ಒಳ್ಳೆಯ ಬದನೆಕಾಯಿ ತಂದರೂ ಗೋಡೆಯ ಕಡೆಗೊಮ್ಮೆ ನೋಡಿ ಉಸಿರು ಬಿಡುತ್ತಿದ್ದಳು. ಈ ವರ್ಷದ ಅಮಾವಾಸ್ಯೆ ಹತ್ತಿರ ಬಂದಾಗ ಒಂದು ದಿನ ಬಾಯಿಬಿಟ್ಟು ಹೇಳಿದಳು: “ಅತ್ತಿ ಒಬ್ಬಾಕಿ. ಎರಡೂ ಕಡೆ ಹೆಂಗ ಉಣ್ಣಬೇಕ್ರೀ ಆಕಿ?” ಎರಡು ಪ್ಲಾಟ್‌ಫಾರ್ಮಿನ ನಡುವೆ ಗಂಟು ಹೊತ್ತು ಓಡಾಡುವ ಮುದುಕಿಯಂತೆ ಅವ್ವ ನನ್ನ ಕಣ್ಣಿಗೆ ಕಟ್ಟಿದಳು. ಹಾಗಾದರೆ ನೀನೇ ಮಾತಾಡಿಸು ಎಂದರೆ, ಸಣ್ಣವಳು ಮೊದಲು ಮಾತಾಡಿಸಲಿ ಎಂಬ ಉತ್ತರ ಬಂತು. ಗೋಡೆಯಾಚೆ, ದೊಡ್ಡವಳು ಮೊದಲು ಕರೆಯಲಿ ಎಂಬ ಕಾಯಿದೆ ಜಾರಿಯಲ್ಲಿತ್ತು ಎಂದು ತಮ್ಮ ತಿಳಿಸಿದ.

ಇಂಥ ದಿನಗಳ ಒಂದು ಭಾನುವಾರ ಸ್ಫೂರ್ತಿ ಹೊಸದೊಂದು ದೆವ್ವದ ಚಿತ್ರ ಹಾಕಿದಳು. ಎತ್ತರದ ಕಟ್ಟಡದಲ್ಲಿ ಒಂದು ಸಂಸಾರ. ಕೆಲಸ ಕಳೆದುಕೊಂಡ ಅಪ್ಪ, ಮಾತು ಬಿಟ್ಟ ತಾಯಿ, ಕೋಣೆಯ ಚಿಲಕ ತೆಗೆಯದ ಮಗ, ಎಲ್ಲವನ್ನೂ ನೋಡುತ್ತ ಬೆಳೆಯುವ ಮಗಳು. ನಾಲ್ವರೂ ನಾಲ್ಕು ಮೂಲೆಯಲ್ಲಿ ಒಬ್ಬೊಬ್ಬರೇ ಉಣ್ಣುತ್ತಾರೆ. ಸತ್ತ ಅಜ್ಜಿ ಬಂದು ಒಂದೊಂದೇ ಬಾಗಿಲು ತಟ್ಟುತ್ತಾಳೆ. ಅಜ್ಜಿಯ ವರ್ಷದ ತಿಥಿಗೆ ಅವರು ಫೋಟೋದ ಮುಂದೆ ಹಣ್ಣು, ಮೀನು, ಬಟ್ಟಲು ಅನ್ನ ಜೋಡಿಸಿ, ಅನ್ನದಲ್ಲಿ ಚಮಚೆ ನೆಟ್ಟರು. ಶಾಂತವ್ವ ನೆಟ್ಟಗಾಗಿ ಕುಳಿತು, “ಅವರೂ ಎಡಿ ಹಿಡೀತಾರ ನೋಡ್ರಿ,” ಎಂದಳು. ಅಷ್ಟರಲ್ಲಿ ಹೊರಗಿನ ಬಾಗಿಲು ಸದ್ದಾಯಿತು. ಮಗಳು ಹೋಗಿ ಚಿಲಕದ ಮೇಲೆ ಕೈಯಿಟ್ಟಳು.

ಗಡಿಯಾರ ನೋಡಿದೆ: ನಾಲ್ಕು. ನಾಲ್ಕಕ್ಕೆ ನಮ್ಮಲ್ಲಿ ಚಹಾ. ಚಿತ್ರ ನಿಲ್ಲಿಸಿದೆ.

ಸ್ಫೂರ್ತಿ ತಲೆ ಮೇಲೆ ಕೈ ಹೊತ್ತಳು. ಶಾಂತವ್ವ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಆಗ ತೊಲೆಯ ಕೆಳಗಿನ ಸಂದಿಯಿಂದ ಒಂದು ಸಣ್ಣ ದನಿ ಇಳಿದುಬಂತು:

“ಭಾವಾರ, ಆ ಹುಡಿಗಿ ಬಾಗಲಾ ತೆಗೀತಾಳೋ ಇಲ್ಲೋ?”

ನನ್ನೆದುರು ತಲೆಯ ಮೇಲಿನ ಸೆರಗನ್ನು ಜಾರಗೊಡದ, ನಾಲ್ಕು ಮಾತು ಆಡಿದ ನೆನಪೇ ಇಲ್ಲದ ನೀಲವ್ವನ ದನಿ ಅದು. ಎಷ್ಟೋ ವಾರಗಳಿಂದ ಆಚೆ ಕಡೆ ಗೋಡೆಗೆ ಒರಗಿ ಕುಳಿತು ಆಕೆ ನನ್ನ ಬಿತ್ತರವನ್ನು ಕೇಳುತ್ತಿದ್ದಳೆಂದು ಆಗ ತಿಳಿಯಿತು. ಚಿತ್ರಗಳನ್ನು ಕಣ್ಣಿಲ್ಲದೆ, ಬರೀ ನನ್ನ ಕಂಠದಲ್ಲಿ ನೋಡಿದ ಏಕೈಕ ಪ್ರೇಕ್ಷಕಿ. ಉತ್ತರ ನಾನು ಕೊಡಬೇಕಿತ್ತು. ಕೊಟ್ಟವಳು ಶಾಂತವ್ವ. ಗೋಡೆಯ ಕಡೆ ಮುಖ ಮಾಡದೆ, ಟೀವಿಗೆ ಹೇಳಿದಂತೆ ಹೇಳಿದಳು:

“ಅಲ್ಲೆ ಕುಂತ ಕೇಳಿದ್ರ ಏನ ಗೊತ್ತಾಕ್ಕೈತಿ? ಬಂದ ನೋಡಬೇಕು.”

ನೀಲವ್ವ ಬಂದಳು. ಕೈಯಲ್ಲಿ ಒಂದು ಬಟ್ಟಲು ಚುರುಮುರಿ, ಬರಿಗೈಲಿ ಬರಬಾರದಲ್ಲ. ಆ ದಿನ ನಾಲ್ಕರ ಚಹಾ ಐದೂವರೆಗೆ ಆಯಿತು, ಮತ್ತು ನನಗೆ ಏನೂ ಆಗಲಿಲ್ಲ. ಚಿತ್ರ ಮತ್ತೆ ಓಡಿ, ಸತ್ತ ಮುದುಕಿ ಕೂದಲು ಸರಿಸಿ ಮುಖ ತೋರಿಸಿದಾಗ ನೆಗೆಣ್ಣಿಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದರು. ಮುದುಕಿ ಮರೆಯಾದ ಮೇಲೂ ಬಿಡಲಿಲ್ಲ. ಕೊನೆಗೆ ಗೊತ್ತಾದದ್ದಿಷ್ಟೇ: ಬದುಕಿದ್ದಾಗ ಉಣ್ಣಲು ಕರೆಯಲೆಂದು ದಿನವೂ ಎಲ್ಲರ ಬಾಗಿಲು ತಟ್ಟುತ್ತಿದ್ದವಳು, ಸತ್ತ ಮೇಲೂ ಅದನ್ನೇ ಮಾಡುತ್ತಿದ್ದಳು. ಹೆದರಿದ್ದು ಮನೆಯವರ ತಪ್ಪು.

“ಪಾಪ, ಉಣ್ಣಾಕ ಕರ್ಯಾಕ ಬಂದಿತ್ತು,” ಎಂದಳು ನೀಲವ್ವ, ಕಣ್ಣೊರಸಿಕೊಳ್ಳುತ್ತ.

“ಅಮಾಸಿಗೆ ಹೂರಣಾ ನೀ ರುಬ್ಬು,” ಎಂದಳು ಶಾಂತವ್ವ. “ನನ್ನ ರಟ್ಟಿ ನೋಯ್ತಾವು.”

ಇಡೀ ಸಂಧಾನ ಇಷ್ಟೇ. ಕ್ಷಮೆ ಕೇಳುವುದು ನಮ್ಮ ಕಡೆ ಹೀಗೆಯೇ, ಕೆಲಸ ಹೇಳಿ. ಹೋಳಿಗೆಗೋ ಕಡಬಿಗೋ ಎಂದು ನೀಲವ್ವ ಕೇಳಿದಳು. ಎರಡಕ್ಕೂ ಎಂದಳು ಶಾಂತವ್ವ.

ಅಮಾವಾಸ್ಯೆಯ ಮಧ್ಯಾಹ್ನ ಒಂದೇ ಎಡೆ ಹಿಡಿದೆವು. ಎಡೆ ಬಡಿಸಿ, ಹಿರಿಯರು ನಿಶ್ಚಿಂತೆಯಿಂದ ಉಣ್ಣಲೆಂದು ಬಾಗಿಲು ಮುಂದೆಳೆದುಕೊಂಡು ಎಲ್ಲರೂ ಪಡಸಾಲೆಯಲ್ಲಿ ನಿಂತೆವು. ಒಳಗೆ ಹೋಗುವ ಮೊದಲು ಬಾಗಿಲು ತಟ್ಟಿ ಅವರಿಗೆ ಸೂಚನೆ ಕೊಡುವುದು ಪದ್ಧತಿ. ಹೊತ್ತಾಯಿತು ಎಂದು ನಾನು ಹೇಳಿದೆ. ಯಾರೂ ಮುಂದೆ ಬರಲಿಲ್ಲ.

“ನೀ ತಟ್ಟು ನೀಲಾ,” ಎಂದಳು ಶಾಂತವ್ವ. “ಅತ್ತಿಗೆ ನಿನ್ನ ಮ್ಯಾಲೇ ಭಾಳ ಜೀವ ಇತ್ತು.”

“ಹಂಗೆಲ್ಲಿ ಅಕ್ಕಾ. ಅತ್ತಿ ಬಾಯಿ ತುಂಬ ನಿನ್ನ ಹೆಸರ ಇರ್ತಿತ್ತು. ನೀನ ತಟ್ಟು. ಒಳಗಿಂದ ಓ ಅಂದ್ರ ನಾ ಏನ ಮಾಡ್ಲಿ?”

ಅತ್ತೆಯ ಪ್ರೀತಿಗಾಗಿ ವ್ಯಾಜ್ಯ ಹೂಡಿದ್ದವರು ಆ ಪ್ರೀತಿಯನ್ನು ಹೀಗೆ ಒಬ್ಬರ ಮೇಲೊಬ್ಬರು ಹೊರಿಸುತ್ತಿದ್ದುದನ್ನು ಕಂಡು ಸ್ಫೂರ್ತಿ ಬಾಯಿಗೆ ಓಢಣಿ ಒತ್ತಿಕೊಂಡು ಗೋಡೆ ಹಿಡಿದಳು. ಕೊನೆಗೆ ಇಬ್ಬರೂ ಕೈ ಕೈ ಹಿಡಿದು ಒಟ್ಟಿಗೇ ತಟ್ಟಿದರು. ಒಳಗಿನಿಂದ ಯಾರೂ ಓಗೊಡಲಿಲ್ಲ. ಬಾಗಿಲು ತೆರೆದೊಡನೆ ಇಬ್ಬರೂ ದೀಪವನ್ನು ನೋಡಲಿಲ್ಲ, ಅವ್ವನ ಫೋಟೋವನ್ನೂ ನೋಡಲಿಲ್ಲ; ಬಗ್ಗಿ, ಎಲೆಯಲ್ಲಿ ಹೋಳಿಗೆ ಕಡಿಮೆಯಾಗಿದೆಯೋ ಕಡಬೋ ಎಂದು ನೋಡಿದರು. ಅವರ ಹೆಗಲ ಮೇಲಿನಿಂದ, ಕನ್ನಡಕ ಸರಿಮಾಡಿಕೊಂಡು, ನಾನೂ ನೋಡಿದೆ.